ಹೆಸರು ಅಳಿಸಿದ ಸಂಸಾರ

ರುಕ್ಮಿಣಮ್ಮ ನಮ್ಮ ಪಕ್ಕದ ಮನೆಯವಳು. ಘಾಟಿ ಸುಬ್ರಹ್ಮಣ್ಯದ ರಸ್ತೆಯಲ್ಲಿ ಹೂವು ಮಾರಿಕೊಂಡು ಬದುಕಿದವಳು, ಯಾರ ಮುಂದೆಯೂ ದನಿ ಏರಿಸಿದವಳಲ್ಲ. ಹದಿನೇಳು ತುಂಬುವ ಮೊದಲೇ ಅವಳನ್ನು ಸ್ವಂತ ಸೋದರಮಾವ ಸೊಣ್ಣಪ್ಪನಿಗೆ ಕೊಟ್ಟರು. ನಮ್ಮ ಕಡೆ ಇದೇನೂ ಹೊಸದಲ್ಲ. ಹೆಣ್ಣು ಹೊರಗೆ ಹೋಗಬಾರದು, ಅಷ್ಟೆ. ಹೀಗಾಗಿ ತಾಯಿಯ ತಾಯಿ ಅಶ್ವತ್ಥಮ್ಮನೇ ಅವಳಿಗೆ ಅತ್ತೆಯೂ ಆದಳು.

ಮೊದಲ ಮಗಳು ಕವಿತ ಗಟ್ಟಿಯಾಗಿ ಬೆಳೆದಳು. ಆಮೇಲೆ ಹುಟ್ಟಿದ ಇಬ್ಬರು ಗಂಡುಮಕ್ಕಳು ಓಡಾಡುವ ವಯಸ್ಸಿಗೆ ಕುಸಿಯುತ್ತ ಬಂದು, ಶಾಲೆಗೆ ಸೇರುವ ಮೊದಲೇ ಹೋದರು. ನಾಗರಕಲ್ಲು ನಿಲ್ಲಿಸಿದ್ದಾಯಿತು, ಹರಕೆ ತೀರಿಸಿದ್ದಾಯಿತು. ಕೊನೆಗೆ ಆ ಮುದುಕಿ 'ಎಲ್ಲಾ ಇವಳ ಕಾಲ್ಗುಣ' ಎಂದಳು. ಸ್ವಂತ ಮೊಮ್ಮಗಳಿಗೆ! ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಕಿರಿಯವನು ಬೆಂಗಳೂರಿನ ಆಸ್ಪತ್ರೆಯಲ್ಲಿದ್ದಾಗ ಸಂಶೋಧನೆಯವರು ಬಂದು ಅಪ್ಪ, ಅಮ್ಮ, ಮಗು ಮೂವರ ರಕ್ತವನ್ನೂ ತೆಗೆದುಕೊಂಡರು. ರಕ್ತದಲ್ಲಿರುವ ವಂಶವಾಹಿಗಳನ್ನೆಲ್ಲ ಓದಿ, ಆಸ್ಪತ್ರೆಯ ದಾಖಲೆಗಳ ಜೊತೆ ಜೋಡಿಸಿ, ಕಾಯಿಲೆ ಎಲ್ಲಿಂದ ಬಂತೆಂದು ಹುಡುಕುತ್ತಾರಂತೆ. 'ಗೊತ್ತಾದ್ರೆ ನಿಮ್ಗೇ ಮೊದ್ಲು ಹೇಳ್ತೀವಮ್ಮ' ಎಂದು ಮಾತು ಕೊಟ್ಟು ಹೋದರು. ಮಗು ಹೋಯಿತು. ಇವಳು ಕಾದೇ ಕಾದಳು. ಫೋನು ಮಾಡಿದರೆ ಎತ್ತುವವರಿಲ್ಲ.

ಅಷ್ಟರಲ್ಲಿ ಅಶ್ವತ್ಥಮ್ಮ ಕವಿತಳನ್ನು ರುಕ್ಮಿಣಮ್ಮನ ತಮ್ಮ ನರೇಶನಿಗೇ ಗೊತ್ತುಮಾಡಿದಳು. ವೀಳ್ಯಶಾಸ್ತ್ರವೂ ಮುಗಿಯಿತು. ಹುಡುಗ ಒಳ್ಳೆಯವನು, ಸೋಂಪುರದ ಫ್ಯಾಕ್ಟರಿಯಲ್ಲಿ ಕೆಲಸ. ಆದರೂ ರುಕ್ಮಿಣಮ್ಮನಿಗೆ ಒಂದೇ ಭಯ: ಮಗಳ ಮಕ್ಕಳಿಗೂ ಹೀಗೇ ಆದರೆ?

ಮೊನ್ನೆ ಅದೇ ಸಂಶೋಧನೆಯವರು ನಮ್ಮೂರಿನ ಸಮುದಾಯ ಭವನದಲ್ಲಿ ಸಭೆ ಇಟ್ಟರು. ನಮಗೆ ತಿಳಿವಳಿಕೆ ಹೇಳಲು ಬಂದಿದ್ದರು, ಪುಣ್ಯಾತ್ಮರು. ಅವಳ ಮನೆಯವರೆಲ್ಲ ನರೇಶನ ಸಮೇತ ಹೋಗಿದ್ದರು, ನಾನೂ ರುಕ್ಮಿಣಮ್ಮನ ಪಕ್ಕ ಕೂತಿದ್ದೆ. ಡಾಕ್ಟರು ಪರದೆಯ ಮೇಲೆ ಒಂದು ವಂಶವೃಕ್ಷ ತೋರಿಸಿದರು. 'ಇದೇ ತಾಲ್ಲೂಕಿನ ಒಂದು ಕುಟುಂಬ. ಸೋದರಮಾವನ ಜೊತೆ ಮದುವೆ. ಮಗಳು ಆರೋಗ್ಯವಾಗಿದಾಳೆ, ಇಬ್ಬರು ಗಂಡುಮಕ್ಕಳು ತೀರಿಕೊಂಡಿದಾರೆ.' ಹೆಣ್ಣಿಗೆ ದುಂಡು, ಗಂಡಿಗೆ ಚೌಕ. ಕೆಳಗಿನ ಎರಡು ಚೌಕಗಳಿಗೆ ಕಪ್ಪು ಬಳಿದಿತ್ತು. ಹೆಸರಿರಬೇಕಾದ ಕಡೆ ಒಂದು ನಂಬರು.

ಇಡೀ ಸಭೆ ತಿರುಗಿ ರುಕ್ಮಿಣಮ್ಮನನ್ನು ನೋಡಿತು.

'ತಾಯಿಯಿಂದ ಒಂದು ದೋಷ, ತಂದೆಯಿಂದ ಒಂದು, ಎರಡೂ ಸೇರಿದ್ರೆ ಮಾತ್ರ ಈ ಕಾಯಿಲೆ. ಇಲ್ಲಿ ಎರಡೂ ಒಂದೇ ಹಿರಿಯರಿಂದ ಇಳಿದು ಬಂದಿವೆ' ಎಂದರು ಡಾಕ್ಟರು.

ರುಕ್ಮಿಣಮ್ಮ ಎದ್ದು ನಿಂತಳು. 'ಇದು ಯಾವಾಗ ಗೊತ್ತಾಯ್ತು ಸಾರ್?'

'ಎರಡು ವರ್ಷ ಆಯ್ತಮ್ಮ.'

'ಆ ಮನೆಯೋರ್ಗೆ ಹೇಳಿದ್ರಾ?'

'ಹೆಸರು ತೆಗೆದುಬಿಟ್ಟಿರ್ತೀವಿ. ಅವರ ಗೌಪ್ಯತೆಗೋಸ್ಕರ. ಯಾರು ಅಂತ ನಮಗೂ ಗೊತ್ತಾಗಲ್ಲ.'

ಗೌಪ್ಯತೆಯಂತೆ! ಟೀ ಅಂಗಡಿಯವನಿಗೂ ಗುರುತು ಸಿಕ್ಕ ಸಂಸಾರ ಇವರಿಗೆ ಮಾತ್ರ ಗೊತ್ತಿಲ್ಲ. ಊರಿಗೆಲ್ಲ ತೋರಿಸಿ ಹೆತ್ತವಳಿಗೆ ಮಾತ್ರ ಮುಚ್ಚಿಟ್ಟಿದ್ದರು. ಇವರ ಓದಿಗಿಷ್ಟು ಬೆಂಕಿ ಹಾಕ!

'ನಾನೇ ಹೇಳ್ತೀನಿ, ಬರ್ಕೊಳಿ. ರುಕ್ಮಿಣಮ್ಮ. ಬರೋ ತಿಂಗ್ಳು ನನ್ ಮಗಳನ್ನ ನನ್ ತಮ್ಮಂಗೆ ಕೊಡ್ತಾವ್ರೆ. ಕೊಡ್ಲಾ, ಬ್ಯಾಡ್ವಾ?'

ಡಾಕ್ಟರು ತಡವರಿಸಿದರು. ಹುಡುಗ, ಹುಡುಗಿ ಇಬ್ಬರ ರಕ್ತವನ್ನೂ ನೋಡಬೇಕು, ಸಮಿತಿಯ ಒಪ್ಪಿಗೆ ಬೇಕು, ಸಮಯ ಹಿಡಿಯುತ್ತದೆ ಎಂದರು.

ಅವಳು ತಮ್ಮನ ಕಡೆ ತಿರುಗಿದಳು. 'ಇವ್ರು ನಿಮ್ ರಕ್ತ ನೋಡಿ ಬಾಯ್ಬಿಟ್ಟು ಹೇಳೋಗಂಟ ಮದ್ವೆ ಇಲ್ಲ ಕಣೋ ನರೇಶ.' ನರೇಶ ತಲೆಯಾಡಿಸಿದ.

'ವೀಳ್ಯ ಆದ್ಮೇಲೆ ಹಂಗನ್ಬಾರ್ದು ಕಣೇ, ಕೂತ್ಕೋ' ಎಂದು ಅಶ್ವತ್ಥಮ್ಮ ಸೆರಗು ಜಗ್ಗಿದಳು.

'ಅಜ್ಜೀ, ನನ್ ಗಂಡನ್ನ ಹೆತ್ತೋಳೂ ನೀನೇ, ನಮ್ಮಮ್ಮನ್ನ ಹೆತ್ತೋಳೂ ನೀನೇ. ಇಷ್ಟ್ ವರ್ಷ ನನ್ ಕಾಲ್ಗುಣ ಅಂದ್ಯಲ್ಲ, ಈಗ ಹೇಳು.'

ಮುದುಕಿ ಸೆರಗು ಬಿಟ್ಟಳು. ಡಾಕ್ಟರು ಮುಂದಿನ ಚಿತ್ರಕ್ಕೆ ಹೋಗಲು ಕಂಪ್ಯೂಟರಿಗೆ ಕೈ ಹಾಕಿದರು.

'ತೆಗೀಬ್ಯಾಡಿ' ಎಂದು ರುಕ್ಮಿಣಮ್ಮ ಪರದೆಯ ಹತ್ತಿರ ಹೋಗಿ ನಿಂತಳು. 'ಅವು ನನ್ ಮಕ್ಳು.'