ಕರಿಯನ ಅರ್ಧ ವಡೆ

ಹೋದ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ ನಮ್ಮ ನಾಯಿ ನನ್ನ ಮರ್ಯಾದೆ ತೆಗೆಯಿತು. ಕಚ್ಚಲಿಲ್ಲ, ಬೊಗಳಲಿಲ್ಲ. ದಿನಾ ಹೋಗುವ ದಾರಿಯಲ್ಲಿ ನೆಟ್ಟಗೆ ನಡೆದುಕೊಂಡು ಹೋಯಿತು, ಅಷ್ಟೇ.

ಅದಕ್ಕೆ ನಾನು ಋಣಿ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅದಕ್ಕೆ ಐದು ತಿಂಗಳ ಮುಂಚೆ ಡಾಕ್ಟರು ನನಗೆ ಸಕ್ಕರೆ ಕಾಯಿಲೆ ಇದೆ ಎಂದರು. ಸಿಹಿ ಬಿಡಿ, ದಿನಾ ಬೆಳಿಗ್ಗೆ ಒಂದು ಗಂಟೆ ನಡೀರಿ ಎಂದರು. ನಮ್ಮಪ್ಪನ ಬಲಗಾಲು ಹೋದದ್ದು ಇದೇ ಕಾಯಿಲೆಯಲ್ಲಿ. ಕೊನೆಯ ನಾಲ್ಕು ವರ್ಷ ಅವರನ್ನು ಬಚ್ಚಲಿಗೆ ಎತ್ತಿಕೊಂಡು ಹೋದವನು ನಾನೇ. ಮನೆಗೆ ಬಂದು ನನ್ನ ಹೆಂಡತಿ ಗಿರಿಜಾಗೆ ಹೇಳಿದೆ. ಅವತ್ತಿನಿಂದ ತನ್ನ ಕಾಫಿಗೂ ಸಕ್ಕರೆ ಹಾಕಿಕೊಳ್ಳುವುದನ್ನು ಬಿಟ್ಟಳು. ಯುಗಾದಿಗೆ ಪಕ್ಕದ ಮನೆಯವರು ಕೊಟ್ಟ ಹೋಳಿಗೆಯನ್ನು ಮುಟ್ಟಲಿಲ್ಲ. (ಹೋಳಿಗೆ ಅಂದರೆ ಪ್ರಾಣ ಬಿಡುವವಳು.)

ಸರಿ, ನಡೆಯಬೇಕಲ್ಲ? ನಮ್ಮ ರಾಜಾಜಿನಗರದಲ್ಲಿ ಗಂಡಸೊಬ್ಬ ಕೆಲಸವಿಲ್ಲದೆ ಸುಮ್ಮನೆ ನಡೆಯುವುದು ಅಷ್ಟು ಸುಲಭವೇ? ಹಾಲಿನ ಬೂತಿನ ಕ್ಯೂ ದಾಟುವಷ್ಟರಲ್ಲಿ ನಾಲ್ಕು ಜನ ವಿಚಾರಿಸುತ್ತಾರೆ. 'ಎಲ್ಲಿಗೆ' ಅಂತ ಕೇಳಿದರೆ ಹೊರಟ ಕೆಲಸ ಕೆಡುತ್ತದಂತೆ. ಅದಕ್ಕೇ 'ಏನ್ ಸಾರ್, ದೂರ ಹೊರಟ್ರಾ?' ಅನ್ನುತ್ತಾರೆ. ಎಲ್ಲಿಗೂ ಇಲ್ಲ, ಸುಮ್ಮನೆ ನಡೆಯುತ್ತಿದ್ದೇನೆ ಅಂದರೆ ನಂಬುವವರು ಯಾರು? ಮೂರನೇ ದಿನ ಎದುರುಮನೆಯ ಯಜಮಾನರು ಹತ್ತಿರ ಬಂದು, ಆಫೀಸಿನಲ್ಲಿ ಏನಾದರೂ ತೊಂದರೆಯೇ, ಸಸ್ಪೆಂಡ್ ಏನಾದರೂ ಆಗಿದೆಯೇ ಅಂತ ಮೆಲ್ಲಗೆ ಕೇಳಿದರು.

ನೆಪಕ್ಕೊಂದು ನಾಯಿ ಬೇಕಾಯಿತು. ಗೇಟಿನ ಹತ್ತಿರ ಮಲಗುತ್ತಿದ್ದ ಬೀದಿನಾಯಿಗೆ ಕರಿಯ ಅಂತ ಹೆಸರಿಟ್ಟು ಕುತ್ತಿಗೆಗೆ ಹಗ್ಗ ಕಟ್ಟಿದೆ. ಆಮೇಲೆ ಯಾರೂ ಕೇಳಲಿಲ್ಲ. ನಾಯಿ ಹಿಡಿದವನಿಗೆ ಎಲ್ಲಿ ಬೇಕಾದರೂ ಅಲೆಯುವ ಲೈಸೆನ್ಸ್ ಸಿಕ್ಕ ಹಾಗೆ.

ಮೊದಲ ಹದಿನೈದು ದಿನ ಪ್ರಾಮಾಣಿಕವಾಗಿ ನಡೆದೆವು. ಬಸವೇಶ್ವರನಗರದ ಕಡೆ ಇನ್ನೂ ಮನೆ ಏಳದ ಸೈಟುಗಳು. ಕರಿಯ ಒಂದೊಂದು ಸೈಟಿನ ಕಲ್ಲನ್ನೂ ಮೂಸಿ, ಕಾಲೆತ್ತಿ, ಸರ್ವೇಯರನ ಗಾಂಭೀರ್ಯದಿಂದ ಮುಂದಿನದಕ್ಕೆ ಹೋಗುತ್ತಿದ್ದ. ಏನು ಯೋಚಿಸುತ್ತಿದ್ದನೋ? ಇಷ್ಟೊಂದು ಕಲ್ಲು ತನಗೋಸ್ಕರವೇ ನೆಟ್ಟಿದ್ದಾರೆ ಅಂತಲೋ? ದಿನಾ ಇಷ್ಟು ದೂರ ಬಂದು, ಏನನ್ನೂ ಮೂಸದೆ ವಾಪಸು ಹೋಗುತ್ತಾನಲ್ಲ ಈ ಮನುಷ್ಯ ಅಂತಲೋ?

ಹದಿನಾರನೇ ದಿನ ದಾರಿಯ ಹೋಟೆಲಿನಿಂದ ತುಪ್ಪದ ವಾಸನೆ ಬಂತು.

ಒಂದೇ ಒಂದು ದಿನ ಅಂದುಕೊಂಡೆ. (ನಗಬೇಡಿ, ನೀವೂ ಹೀಗೆ ಅಂದುಕೊಂಡವರೇ.) ಅಲ್ಲಿಂದ ಮುಂದೆ ನಮ್ಮ ವಾಕಿಂಗ್ ಹೋಟೆಲಿನ ಹೊರಗಿನ ಕಲ್ಲುಬೆಂಚಿನವರೆಗೆ ಮಾತ್ರ. ನನಗೆ ಒಂದು ಪ್ಲೇಟ್ ಕೇಸರಿಬಾತ್, ಅವನಿಗೆ ಅರ್ಧ ಉದ್ದಿನ ವಡೆ. ಗಂಟೆ ತುಂಬುವ ತನಕ ಪೇಪರ್ ಓದುವುದು. ಏಳುವ ಮುಂಚೆ ಹಣೆಗೂ ಅಂಗಿಯ ಬೆನ್ನಿಗೂ ನಲ್ಲಿ ನೀರು ಚಿಮುಕಿಸಿಕೊಳ್ಳುವುದು. ಆ ಬೆವರು ನೋಡಿ ಗಿರಿಜಾಗೆ ಸಮಾಧಾನ. ಟವೆಲ್ ಕೊಡುತ್ತಿದ್ದಳು, ಹಿಂದೆಯೇ ಹಾಗಲಕಾಯಿ ರಸ. ಕುಡಿಯುವಾಗ ನನ್ನ ಮುಖ ನೋಡಿ 'ಪಾಪ' ಅನ್ನುತ್ತಿದ್ದಳು. ನಾಚಿಕೆಯಾಗುತ್ತಿರಲಿಲ್ಲವೇ? ಆಗುತ್ತಿತ್ತು. ಮಾರನೆಯ ಬೆಳಿಗ್ಗೆ ಕೇಸರಿಬಾತಿನ ಎದುರು ಮರೆತೂ ಹೋಗುತ್ತಿತ್ತು.

ಆ ಮಂಗಳವಾರ ನನಗೆ ಜ್ವರ. ಆರು ಗಂಟೆಗೆ ಕರಿಯ ಬಾಗಿಲು ಕೆರೆಯತೊಡಗಿದ. ಅಭ್ಯಾಸ ಆಗಿದೆ ಪಾಪ, ನಾನೇ ಒಂದು ಸುತ್ತು ಹಾಕಿಸುತ್ತೇನೆ ಅಂತ ಗಿರಿಜಾ ಹಗ್ಗ ಕೈಗೆತ್ತಿಕೊಂಡಳು. ಬೇಡ ಅಂದೆ. ದಾರಿಯಲ್ಲಿ ಬೀದಿನಾಯಿಗಳ ಕಾಟ ಅಂದೆ. ಅಷ್ಟರಲ್ಲಿ ಗೇಟಿನ ಸದ್ದಾಯಿತು.

ಮುಂದಿನದು ಆಮೇಲೆ ಅವಳೇ ಹೇಳಿದ್ದು. ಅವಳು ಸೈಟುಗಳ ಕಡೆ ಎಳೆದರೆ ಕರಿಯ ಹೋಟೆಲಿನ ಕಡೆ ಎಳೆದನಂತೆ. ನೇರವಾಗಿ ಕಲ್ಲುಬೆಂಚಿನ ಕೆಳಗೆ ಹೋಗಿ ಕೂತನಂತೆ. ಸಪ್ಲೈಯರ್ ಅವನ ಗುರುತು ಹಿಡಿದು, ಅರ್ಧ ವಡೆ ತಂದಿಟ್ಟು, ಇವಳ ಕಡೆ ತಿರುಗಿದನಂತೆ.

"ಸಾರ್ ಬರ್ಲಿಲ್ವಾ ಅಮ್ಮ? ಅವ್ರ ಕೇಸರಿಬಾತ್ ಎತ್ತಿಟ್ಟಿದೀನಿ."

ಕರಿಯನ ತಪ್ಪೇನಿದೆ ಹೇಳಿ? ವಾಕಿಂಗ್ ಅಂದರೆ ಇದೇ ಅಂತ ಕಲಿಸಿದವನು ನಾನು. ಹಗ್ಗ ಹಿಡಿದವರನ್ನು ಬೆಂಚಿಗೆ ತಲುಪಿಸುವುದೇ ತನ್ನ ಡ್ಯೂಟಿ ಅಂತ ಅವನು ತಿಳಿದಿರಬೇಕು. ಯಜಮಾನನಿಗೆ ಜ್ವರ, ಅಮ್ಮನಾದರೂ ತಿನ್ನಲಿ ಅಂತ ಯೋಚಿಸಿದ್ದರೂ ಯೋಚಿಸಿರಬಹುದು.

ವಾಪಸು ಬಂದಾಗ ಅವಳ ಕೈಯಲ್ಲಿ ಎಲೆಯ ಪೊಟ್ಟಣ. ನಾನು ಮಗ್ಗುಲು ಬದಲಿಸಿ ನರಳಿದೆ. (ಜ್ವರ ನಿಜ, ನರಳಿದ್ದು ನಾಟಕ.) ಅವಳು ಜಗಳ ತೆಗೆಯಲಿಲ್ಲ. ಎರಡು ತಟ್ಟೆ ತಂದು ಕೇಸರಿಬಾತನ್ನು ಎರಡು ಪಾಲು ಮಾಡಿದಳು. ಒಂದನ್ನು ನನ್ನ ಹಾಸಿಗೆಯ ಪಕ್ಕ ಇಟ್ಟು, ಇನ್ನೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

"ತಗೊಳ್ರೀ," ಅಂದಳು. "ನೀವು ತಿಂದ್ರೆ ನಾನೂ ತಿಂತೀನಿ. ನಂಗೂ ಐದು ತಿಂಗಳಾಯ್ತು."

ನನಗೆ ಕೈ ಬರಲಿಲ್ಲ. ನೀನು ತಿನ್ನು, ನಿನಗೇನು ಕಾಯಿಲೆ ಅಂದೆ. ಅವಳು ತಲೆ ಎತ್ತಲಿಲ್ಲ.

"ಮಾವನವರ ಕಾಲಿಗೆ ದಿನಾ ಬ್ಯಾಂಡೇಜ್ ಕಟ್ತಿದ್ದೋಳು ನಾನು ಕಣ್ರೀ."

ಹೌದು, ಎತ್ತಿಕೊಂಡು ಹೋದದ್ದು ಮಾತ್ರ ನನಗೆ ನೆನಪಿತ್ತು. ಗಾಯ ತೊಳೆದವಳು ಯಾರು ಅನ್ನುವುದನ್ನು ಮರೆತೇಬಿಟ್ಟಿದ್ದೆ.

ಎರಡೂ ತಟ್ಟೆ ಕರಿಯನ ಪಾಲಾಯಿತು. ಜ್ವರ ಬಿಟ್ಟಾಗಿನಿಂದ ನಾವು ಮೂವರೂ ಹೊರಡುತ್ತಿದ್ದೇವೆ. ಸೈಟುಗಳ ಕೊನೆಯ ಕಲ್ಲಿನವರೆಗೆ ಹೋಗಿ ಬರುತ್ತೇವೆ. ಬೆವರು ಈಗ ಅಸಲಿ. ಹೊಸಿಲಲ್ಲಿ ಎರಡೂ ಕಾಲಿಗೆ ಚಪ್ಪಲಿ ಮೆಟ್ಟುವಾಗ ಕೆಲವೊಮ್ಮೆ ಅಪ್ಪನ ನೆನಪಾಗುತ್ತದೆ. ಪಕ್ಕದಲ್ಲಿ ಸೆರಗು ಸಿಕ್ಕಿಸಿ ನಿಂತ ಗಿರಿಜಾ, ಮುಂದೆ ಹಗ್ಗ ಜಗ್ಗುವ ಕರಿಯ. ಇಷ್ಟೆಲ್ಲ ನನಗೆ ಉಳಿದಿದೆಯಲ್ಲ ಅಂತ ಮನಸ್ಸು ತುಂಬಿ ಬರುತ್ತದೆ.

ಹೋಟೆಲಿನ ಎದುರು ಮಾತ್ರ ಕರಿಯ ಇವತ್ತಿಗೂ ಒಂದು ನಿಮಿಷ ಕೂರುತ್ತಾನೆ. ಬೆಂಚು ನೋಡುತ್ತಾನೆ, ನನ್ನ ಮುಖ ನೋಡುತ್ತಾನೆ. ಆಮೇಲೆ ತಾನೇ ಎದ್ದು ನಡೆಯುತ್ತಾನೆ. ಏನು ಯೋಚಿಸುತ್ತಾನೋ, ಕೇಳುವ ಧೈರ್ಯ ನನಗಿಲ್ಲ.

ಕಾಲು ಉಳಿಸಿಕೊಟ್ಟ ಪುಣ್ಯಾತ್ಮನಿಗೆ ನಾನು ಕೊಟ್ಟ ಬಹುಮಾನವಾದರೂ ಏನು, ಇದ್ದ ಅರ್ಧ ವಡೆಗೂ ಕತ್ತರಿ ತಾನೇ?