ಕಪ್ಪೆಚಿಪ್ಪು ಎಣಿಸಿದವರಿಗೆ ನಾವು ಕೇಳಿದ ಪ್ರಶ್ನೆ

ಸಮುದ್ರದ ಬಗ್ಗೆ ನಾನು ಮೊದಲ ಪಾಠ ಕೇಳಿದ್ದು ಅರಸೀಕೆರೆಯಲ್ಲಿ. ಅದೂ ಕಳೆದ ಸೋಮವಾರ, ಒಂದು ಕಾಲೇಜಿನ ಇಂಟರ್‌ವ್ಯೂನಲ್ಲಿ.

ಪ್ರಾಣಿಶಾಸ್ತ್ರಕ್ಕೆ ಅತಿಥಿ ಉಪನ್ಯಾಸಕರು ಬೇಕಾಗಿದ್ದರು. ಕೇಳುವವರು ಮೂವರು: ಆಡಳಿತ ಮಂಡಳಿ ಅಧ್ಯಕ್ಷರು, ಒಬ್ಬ ನಿವೃತ್ತ ಪ್ರಿನ್ಸಿಪಾಲರು ಮತ್ತು ನಾನು. (ನನಗೆ ಪ್ರಾಣಿಶಾಸ್ತ್ರ ಬರುವುದಿಲ್ಲ. ಪೇಪರಿಗೆ ಬರೆಯುತ್ತೇನಲ್ಲ, ಅಷ್ಟು ಸಾಕಂತೆ.)

ಸುಮಿತ್ರಾ ಬಂದರು. ಗೆಂಡೆಹಳ್ಳಿ ಕಡೆಯವರು. ಪಿಎಚ್.ಡಿ. ಮಾಡಿದ್ದು ಕಡಲ ಕಪ್ಪೆಚಿಪ್ಪಿನ ಮೇಲೆ. ಕರಾವಳಿಯ ಬಂಡೆಗಳಿಗೆ ಕಚ್ಚಿಕೊಂಡು ಬೆಳೆಯುವ ಜೀವಿ. ಆ ಕಡೆ ನೀಲಿಕಲ್ಲು ಅಂತಾರಂತೆ. ನಾಲ್ಕು ವರ್ಷ, ಪ್ರತಿ ತಿಂಗಳು, ನೀರಿಳಿದಾಗ ಬಂಡೆ ಮೇಲೆ ಒಂದು ಚೌಕಟ್ಟು ಇಟ್ಟು, ಅದರೊಳಗಿನ ಒಂದೊಂದನ್ನೂ ಎಣಿಸಿ ಅಳೆದಿದ್ದಾರೆ.

“ಏನು ಗೊತ್ತಾಯ್ತಮ್ಮ?” ಅಂದರು ಪ್ರಿನ್ಸಿಪಾಲರು.

“ಬಂಡೆ ತುಂಬಾ ಇರೋ ಹಾಗೇ ಕಾಣ್ತವೆ ಸರ್. ಆದ್ರೆ ಎಲ್ಲಾ ಮರಿಗಳೇ. ಮೊಟ್ಟೆ ಬಿಡೋಷ್ಟು ದೊಡ್ಡವನ್ನ ಜನ ಕಿತ್ಕೊಂಡು ಹೋಗಿರ್ತಾರೆ. ಈ ಮರಿಗಳು ಬೇರೆ ಕಡೆಯಿಂದ ನೀರಲ್ಲಿ ತೇಲಿ ಬಂದವು. ಅಲ್ಲೂ ಖಾಲಿಯಾದ್ರೆ ಇಲ್ಲೂ ಮುಗೀತು.”

ನನ್ನಂಥವನಿಗೂ ಅರ್ಥವಾಯಿತು. ಪಾಠ ಅಂದರೆ ಇನ್ನೇನು?

“ಎಲ್ಲಾ ಸರಿ, ಅರಸೀಕೆರೇಲಿ ಸಮುದ್ರ ಎಲ್ಲೈತಮ್ಮ?” ಅಂದರು ಅಧ್ಯಕ್ಷರು. ಮೂವರೂ ನಕ್ಕೆವು. ಹೌದು, ನಾನೂ.

ಸುಮಿತ್ರಾ ನಗಲಿಲ್ಲ. “ಹಳೇಬೀಡು ಕೆರೇಲೂ ಕಪ್ಪೆಚಿಪ್ಪು ಇದಾವೆ ಸರ್. ಜಾತಿ ಬೇರೆ, ಅಷ್ಟೇ. ಎಣಿಸೋದನ್ನ ಮಕ್ಕಳಿಗೆ ಅಲ್ಲೇ ಕಲಿಸಬಹುದು.”

ಅಷ್ಟೂ ಮಾತಿನಲ್ಲಿ ಅಧ್ಯಕ್ಷರ ಕಿವಿಗೆ ಬಿದ್ದದ್ದು ಒಂದೇ ಪದ.

“ಕೆರೆ ಚಿಪ್ಪು ನಿಮ್ಮ ಮನೇಲಿ ತಿಂತೀರಾ?”

“ಅಜ್ಜಿ ತರ್ತಿದ್ರು ಸರ್. ಸಾರು ಮಾಡ್ತಿದ್ರು.”

ಅಧ್ಯಕ್ಷರು ಫೈಲು ಮುಚ್ಚಿದರು. ಯಾವ ಬೀದಿ, ಯಾವ ಜನ ಅಂತ ಬಾಯಿಬಿಟ್ಟು ಕೇಳುವ ಕಷ್ಟವೂ ತಪ್ಪಿತು. “ಈ ಪ್ರಶ್ನೆ ಯಾಕೆ?” ಅಂತ ನಾನು ಅನ್ನಬಹುದಿತ್ತು. ಟೀ ಕುಡಿದೆ.

ಸಂಜೆಗೇ ನೋಟಿಸ್ ಬೋರ್ಡಿಗೆ ಲಿಸ್ಟ್ ಬಿತ್ತು. ಕೆಲಸ ಬೇರೆಯವರಿಗೆ.

ಸುಮಿತ್ರಾ ಬಸ್ ಸ್ಟ್ಯಾಂಡಿನಲ್ಲಿ ಬೇಲೂರು ಬಸ್ಸಿಗೆ ಕಾಯುತ್ತಿದ್ದರು. ಹತ್ತಿರ ಹೋಗಿ, “ಬೇಜಾರು ಮಾಡ್ಕೋಬೇಡಿ, ನಾನು ನಿಮಗೇ ಜಾಸ್ತಿ ಮಾರ್ಕ್ಸ್ ಕೊಟ್ಟಿದ್ದೆ” ಅಂದೆ.

“ಅವರು ಕೇಳಿದ್ದು ನನಗೆ ಹೊಸದಲ್ಲ ಸರ್,” ಅಂದರು. “ನಿಮ್ಮ ಅಂಕಣ ಪ್ರತಿ ವಾರ ಓದ್ತೀನಿ. ಅದಕ್ಕೇ, ನೀವೇನಾದ್ರೂ ಅಂತೀರೇನೋ ಅಂತ ಕಾದೆ.”

ಬಸ್ಸು ಬಂತು. ಹತ್ತಿ ಹೋದರು.

ಆವತ್ತು ಹೇಳಬೇಕಾದದ್ದನ್ನು ವಾರ ಕಳೆದು ಇಲ್ಲಿ ಬರೆದಿದ್ದೇನೆ. ದಯವಿಟ್ಟು ಇದನ್ನು ಯಾರೂ ಧೈರ್ಯ ಅಂತ ಕರೆಯಬೇಡಿ.