ಓನರಮ್ಮನ ಭಾನುವಾರದ ಜನರೇಟರ್

ಬಲಗೈಯ ಹಸಿರು ಗಾಜಿನ ಬಳೆಗಳನ್ನು ಮೊಣಕೈವರೆಗೆ ಏರಿಸಿ, ಜಾರದಂತೆ ರಬ್ಬರ್ ಬ್ಯಾಂಡ್ ಹಾಕಿಕೊಂಡರೆ ನಮ್ಮ ಓನರಮ್ಮ ಜನರೇಟರಿನ ಹಗ್ಗ ಎಳೆಯಲು ಹೊರಟರೆಂದೇ ಅರ್ಥ. ಹಿಂದೆ ಝೆರಾಕ್ಸ್ ಅಂಗಡಿ ಇಟ್ಟಿದ್ದಾಗ ಕೊಂಡಿದ್ದ ಪುಟ್ಟ ಪೆಟ್ರೋಲ್ ಜನರೇಟರ್ ಅದು. ಶೆಟ್ಟಿಹಳ್ಳಿಯ ಅವರ ಮನೆಯ ಮಹಡಿಗೆ ನಾವು ಬಾಡಿಗೆಗೆ ಬಂದ ಮೇಲೆ ಅಪ್ಪನ ಶ್ವಾಸಕೋಶ ಕೆಟ್ಟು, ಆಕ್ಸಿಜನ್ ಯಂತ್ರ ತರಬೇಕಾಯಿತು. ಕರೆಂಟ್ ಹೋದರೆ ಅದಕ್ಕೆ ಓನರಮ್ಮನ ಜನರೇಟರೇ ಗತಿ.

ಕರೆಂಟ್ ಇದ್ದರೂ ಪ್ರತಿ ಭಾನುವಾರ ಬೆಳಿಗ್ಗೆ ಅವರು ಅದನ್ನು ಓಡಿಸುತ್ತಿದ್ದರು. ತಾಳ್ಮೆ ನನ್ನ ಜಾತಕದಲ್ಲೇ ಇಲ್ಲ; ಆ ಸದ್ದಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಸುಮ್ಮನೆ ಯಾಕೆ ಪೆಟ್ರೋಲ್ ಸುಡ್ತೀರಿ ಎಂದು ಒಮ್ಮೆ ಕೇಳಿಯೇಬಿಟ್ಟೆ.

"ನಿಂತೇ ಇದ್ರೆ ಪೆಟ್ರೋಲು ಒಳಗೇ ಅಂಟಾಯ್ತದೆ ಕಣಪ್ಪ. ಬೇಕಾದಾಗ ಕೈ ಮುಗುದ್ರೂ ಏಳಕ್ಕಿಲ್ಲ," ಎಂದರು.

ಆಯಿಲನ್ನು ಬೆರಳಲ್ಲಿ ಉಜ್ಜಿ ನೋಡುವರು, ಫಿಲ್ಟರಿನ ಸ್ಪಂಜನ್ನು ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸುವರು. ನಿಲ್ಲಿಸುವಾಗ ಸ್ವಿಚ್ ಮುಟ್ಟಿದವರಲ್ಲ. ಪೆಟ್ರೋಲಿನ ನಲ್ಲಿ ತಿರುಗಿಸಿ, ಪೈಪಿನಲ್ಲಿ ಉಳಿದದ್ದೆಲ್ಲ ಉರಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಸೊಂಟದ ಮೇಲೆ ಕೈಯಿಟ್ಟು ಕಾಯುವರು. ಅಷ್ಟು ಹೊತ್ತೂ ನಾನು ಗೇಟಿಗೂ ಮೆಟ್ಟಿಲಿಗೂ ಶತಪಥ ಹಾಕುತ್ತಿದ್ದೆ.

ಒಂದು ವರ್ಷ ಆಯುಧಪೂಜೆಗೆ ಅದನ್ನು ತೊಳೆದು, ಕುಂಕುಮವಿಟ್ಟು, ಹೂ ಮುಡಿಸಿ, ಹಳೇ ಬೆಡ್‌ಶೀಟ್ ಹೊದಿಸಿದ್ದರು. ಮಾರನೇ ದಿನ ಮಧ್ಯಾಹ್ನ ಕರೆಂಟ್ ಹೋಯಿತು. ಅಪ್ಪನ ಯಂತ್ರ ಕೂಗಿಕೊಂಡಿತು. ಇದ್ದ ಸಣ್ಣ ಸಿಲಿಂಡರಿಗೆ ಅಪ್ಪನ ಪೈಪು ಸಿಕ್ಕಿಸಿದೆ. ಅದು ಹೆಚ್ಚು ಹೊತ್ತು ಬರುವಂತಿರಲಿಲ್ಲ. ಕೆಳಗೆ ಓಡಿದೆ. ಓನರಮ್ಮ ಮಾಲೆ ಕಿತ್ತೆಸೆದು ಹಗ್ಗ ಎಳೆದರೆ ಎಂಜಿನ್ ಹತ್ತಿಕೊಂಡು, ಕೆಮ್ಮಿ, ಆರಿಹೋಗುತ್ತಿತ್ತು. ಆಯಿಲ್ ಸರಿಯಿತ್ತು, ಪ್ಲಗ್ ಸರಿಯಿತ್ತು. ಮೇಲೆ ಹೋದರೆ ಅಪ್ಪ ಮಾತಾಡಲಾರದೆ, ಕೆಳಗೆ ಹೋಗು ಎಂದು ಕೈ ತೋರಿಸಿದರು. ಮತ್ತೆ ಇಳಿದು ಬಂದಾಗ ಕಣ್ಣಿಗೆ ಬಿತ್ತು: ಎಂಜಿನ್ನಿನೊಳಕ್ಕೆ ಗಾಳಿ ಹೋಗುವ ಸೀಳುಗಳಲ್ಲೆಲ್ಲ ಸೇವಂತಿಗೆ. ಚೆಂದ ಕಾಣಲೆಂದು ಓನರಮ್ಮನೇ ಒಂದೊಂದಾಗಿ ಸಿಕ್ಕಿಸಿದ್ದರು. ಉಗುರಿನಿಂದ ಕಿತ್ತೆ. ಅವರು ಎಳೆದರು. ಎಂಜಿನ್ ನಿಲ್ಲದೆ ಓಡಿತು.

ಓನರಮ್ಮ ಮೆಟ್ಟಿಲ ಮೇಲೆ ಕುಸಿದು, "ಪೂಜೆ ಮಾಡಕ್ ಓಗಿ ಅದರ ಉಸ್ರು ನಾನೇ ಕಟ್ಟಿಸ್ದೆ ನೋಡು," ಎಂದು ಅತ್ತರು. ಆಮೇಲೆ ಪ್ರತಿ ವರ್ಷ ಹೂವು ಹಿಡಿಕೆಗೆ ಮಾತ್ರ. ಭಾನುವಾರಗಳಲ್ಲಿ ನಾನೂ ಪಕ್ಕದಲ್ಲಿ ನಿಲ್ಲತೊಡಗಿದೆ. ಅವರ ಮೇಲೆ ನನಗೆ ತುಂಬ ಪ್ರೀತಿಯಿತ್ತು.

ಈ ವರ್ಷ ಒಂದು ಶನಿವಾರ ಸಂಜೆ ಎದೆನೋವೆಂದು ಮಲಗಿದ ಓನರಮ್ಮ ಏಳಲಿಲ್ಲ. ಮರುದಿನ ಬೆಳಿಗ್ಗೆ ಅವರನ್ನು ಅಂಗಳದಲ್ಲಿ ಮಲಗಿಸಿದ್ದರು. ನಾನು ಕೂರಲಾರದೆ ನಿಲ್ಲಲಾರದೆ ಗೇಟಿನ ಬಳಿ ಚಡಪಡಿಸುತ್ತಿದ್ದೆ. ಚಿಕ್ಕಜಾಲಕ್ಕೆ ಕೊಟ್ಟಿದ್ದ ಅವರ ಮಗಳು ಎದ್ದು ಬಂದರು.

"ಅಣ್ಣ, ಇವತ್ತು ಭಾನುವಾರ. ಅಮ್ಮ ಇದ್ದಿದ್ರೆ ಇಷ್ಟೊತ್ಗೆ ಓಡ್ಸಿರೋರು. ನೀವು ಓಡ್ಸಿ. ಮೇಲೆ ನಿಮ್ಮಪ್ಪ ಅವ್ರೆ."

ಆಯಿಲ್ ನೋಡಿ ಹಗ್ಗ ಎಳೆದೆ. ಸಾವಿನ ಮನೆಯಲ್ಲಿ ಇದೇನು ಸದ್ದೆಂದು ಹಿರಿಯರೊಬ್ಬರು ಎದ್ದರು. ಮಗಳು ಅವರನ್ನು ಕೈಹಿಡಿದು ಕೂರಿಸಿದರು. ಸ್ವಲ್ಪ ಹೊತ್ತು ಓಡಿಸಿ ನಲ್ಲಿ ತಿರುಗಿಸಿದೆ. ಅಂದು ಶತಪಥ ಹಾಕಲಿಲ್ಲ, ನಿಂತೇ ಇದ್ದೆ. ಎಂಜಿನ್ ಎರಡು ಸಲ ಕೆಮ್ಮಿ ತಾನಾಗಿ ನಿಂತಿತು. ಆಗ ಮಹಡಿಯಿಂದ, ಕರೆಂಟಿನಲ್ಲೇ ಓಡುತ್ತಿದ್ದ ಅಪ್ಪನ ಯಂತ್ರ ಗುಂಯ್ ಎನ್ನುವುದು ಅಂಗಳದವರಿಗೆಲ್ಲ ಕೇಳಿಸಿತು.